ನೀನು ಹೇಳಿದ ಸಾಕ್ಷಿ ಸುಳ್ಳಾಗಲಿಲ್ಲ

ಮಂಡ್ಯ
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ,

ಯೇಸುಕ್ರಿಸ್ತನ ನಾಮದಲ್ಲಿ ಅಪ್ಪನ ವಂದನೆಗಳು. ಕಾಗದ ಹೀಗೇ ಶುರು ಮಾಡಬೇಕು ಅಂತ ನಮ್ಮಪ್ಪ ಕಲಿಸಿದ್ದರು. ಕಾಗದ ಬರೆದು ಯಾವ ಕಾಲವಾಯಿತೋ, ಈ ಒಂದು ಸಾಲು ಮಾತ್ರ ಕೈ ಮರೆತಿಲ್ಲ.

ಫೋನ್ ಮಾಡಿದರೆ ನಿನಗೂ ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೆರೆ ಬಂತಾ ಇಲ್ಲವಾ ಅಂತ ನೋಡುತ್ತಾ ಕೂರುತ್ತೇನೆ. ಅದಕ್ಕೇ ಇದು. ನಿನ್ನ ಚಿಕ್ಕಪ್ಪನ ಮಗ ನಾಳೆ ಚಾಮುಂಡಿ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿಗೆ ಬರುತ್ತಾನೆ. ಅಮ್ಮ ಕೊಟ್ಟ ಹುರುಳಿ ಚಟ್ನಿಪುಡಿ ಡಬ್ಬಿ ಜೊತೆ ಇದನ್ನೂ ಕೊಡುತ್ತಾನೆ. ಡಬ್ಬಿ ಇಟ್ಟುಕೊಂಡು ಕಾಗದ ಬಿಸಾಕಬೇಡ.

ಕಂಪನಿಯವರು ಕೊಟ್ಟ ಕೆಲಸವನ್ನು ವಾಪಸ್ ತೆಗೆದುಕೊಂಡ ವಿಷಯಕ್ಕೆ ಮಂಗಳವಾರ ಫೋನಿನಲ್ಲಿ ನೀನು ಏನಂದೆ, ನಾನು ಏನಂದೆ ಅನ್ನೋದು ಇಬ್ಬರಿಗೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಫೋನ್ ಇಟ್ಟಿದ್ದು ಸಿಟ್ಟಿಗಲ್ಲ, ಅಷ್ಟು ತಿಳಿದುಕೋ. ಗಂಟಲು ಕಟ್ಟಿತು. ಬೇಜಾರು ಮಾಡಿಕೊಂಡಿದ್ದರೆ ಬಿಟ್ಟುಬಿಡು, ಅಲ್ವಾ?

ಆದರೆ ಕೆಲಸ ಸಿಕ್ಕಿತು ಅಂತ ಚರ್ಚಿನಲ್ಲಿ ಹಾಕಿದ ಕಾಣಿಕೆ ಬಗ್ಗೆ ನೀನಂದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. “ಸ್ತೋತ್ರ ಕಾಣಿಕೆ ಕವರ್ ವಾಪಸ್ ಇಸ್ಕೊಂಡು ಬಾ ಅಪ್ಪ” ಅಂದೆ. ತಮಾಷೆಗೆ ಅಂದೆ ಅಂತ ಗೊತ್ತು. ಆಮೇಲೆ ಅಂದಿದ್ದು ತಮಾಷೆಯಲ್ಲ. “ಅಷ್ಟು ಜನರ ಮುಂದೆ ಎದ್ದು ನಿಂತು ಸುಳ್ಳು ಸಾಕ್ಷಿ ಹೇಳಿದ ಹಾಗಾಯ್ತು, ಸುಗ್ಗಿ ಹಬ್ಬಕ್ಕೂ ಬರಲ್ಲ, ಆ ಚರ್ಚಿಗೂ ಕಾಲಿಡಲ್ಲ” ಅಂದೆ. ಆವತ್ತು ನನಗೆ ಉತ್ತರ ಸಿಗಲಿಲ್ಲ. ಈಗ ಸಿಕ್ಕಿದೆಯಾ ಅಂದರೆ, ಅರ್ಧ ಸಿಕ್ಕಿದೆ.

ಆ ಭಾನುವಾರವನ್ನೇ ನೆನೆಸಿಕೊಳ್ಳುತ್ತಾ ಇದ್ದೇನೆ. ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಅಂತ ಚರ್ಚಿನ ಅಯ್ಯನವರು ಕೇಳಿದರೆ ನಮ್ಮ ಸಭೆಯಲ್ಲಿ ಎಲ್ಲರೂ ಏನೋ ಹುಡುಕುವವರ ಹಾಗೆ ಕೀರ್ತನೆ ಪುಸ್ತಕ ತಿರುವುತ್ತಾರೆ. ನೀನು ಎದ್ದೆ. ಅಮ್ಮನ ನೀಲಿ ಸೀರೆ ಉಟ್ಟಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದೆ. ಮೈಕ್ ಕೊಟ್ಟರೆ ಬೇಡ ಅಂದೆ. ಜನವರಿ ಒಂದನೇ ತಾರೀಕು ತೆಗೆದ, ಬೈಬಲ್ ವಚನ ಬರೆದ ವಾಗ್ದಾನದ ಚೀಟಿಯಲ್ಲಿ ಯೆರೆಮೀಯ 29:11 ಬಂದಿತ್ತು, ದೇವರು ಕೆಲಸ ಕೊಟ್ಟರು, ಆಫರ್ ಲೆಟರ್ ಬಂತು ಅಂದೆ. ಇಷ್ಟೇ. ಮೂರೇ ಮಾತು. ಕೂತುಕೊಳ್ಳುವಾಗ ಕಾಲಿಗೆ ಬೆಂಚು ತಾಗಿ ಸದ್ದಾಯಿತು. ಆಗ ಮೂರನೇ ಬೆಂಚಿನಿಂದ ದೊಡ್ಡದಾಗಿ ಒಂದು “ಆಮೆನ್” ಬಂತು.

ಎಲ್ಲರೂ ಆಮೆನ್ ಅಂದರು. ಆದರೆ ಆ ಒಂದು ಆಮೆನ್ ಬೇರೆ. ಅದನ್ನು ಹೇಳಿದವರು ಯಾರು ಅಂತ ನಿನಗೆ ಗೊತ್ತು, ನಿನ್ನ ಮೂರನೇ ಬೆಂಚಿನ ಮಾವ. ಅವನು ಆಮೆನ್ ಅಂದರೆ ನನಗೆ ಯಾಕೆ ಎದೆ ಝಲ್ ಅನ್ನುತ್ತದೆ ಅನ್ನೋದು ನಿನಗೆ ಗೊತ್ತಿಲ್ಲ. ನಿನ್ನ ಅಮ್ಮನಿಗೂ ಪೂರ್ತಿ ಹೇಳಿಲ್ಲ.

ನಾನೂ ಅವನೂ ಒಟ್ಟಿಗೇ ನಾಲೆ ಕೆಲಸಕ್ಕೆ ಸೇರಬೇಕಾಗಿತ್ತು. 1984. ವಿ.ಸಿ. ನಾಲೆಯ (ವಿಶ್ವೇಶ್ವರಯ್ಯ ನಾಲೆ) ಮೇಲೆ ದಿನಗೂಲಿ ನೀರಗಂಟಿಗಳು ಬೇಕು ಅಂತ ಗೊತ್ತಾಗಿ ಇಬ್ಬರೂ ಹೋಗಿ ಹೆಸರು ಕೊಟ್ಟು ಬಂದೆವು. ಸೋಮವಾರ ಬನ್ನಿ ಅಂದರು. ಭಾನುವಾರ ರಾತ್ರಿ ಅವನ ಕಣ್ಣು ಹಳದಿಯಾಗಿತ್ತು. ಕಾಮಾಲೆ. ನಾನು ಹೋದೆ, ಮಸ್ಟರ್ ರೋಲಿನಲ್ಲಿ ಸಹಿ ಹಾಕಿದೆ. ಅದು ಜೂನ್. ಅವನು ಔಷಧಿ, ಪಥ್ಯ ಎಲ್ಲ ಮುಗಿಸಿಕೊಂಡು ಬಂದು ಸಹಿ ಹಾಕುವಷ್ಟರಲ್ಲಿ ಜುಲೈ ಆಗಿತ್ತು. ಆಗ ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಅದೇ ಕೂಲಿ, ಅದೇ ತೂಬು, ಅದೇ ಟಾರ್ಚು. ರಾತ್ರಿ ಪಾಳಿಯಲ್ಲಿ ನಾಲೆ ಏರಿ ಮೇಲೆ ನಡೆಯುತ್ತಾ ಅವನು ಕೀರ್ತನೆ ಹಾಡುತ್ತಿದ್ದ. ಕಂಠ ಚೆನ್ನಾಗಿರಲಿಲ್ಲ. ಆದರೂ ಹಾಡುತ್ತಿದ್ದ. ಉಪವಾಸ ಪ್ರಾರ್ಥನೆ ಅಂದರೆ ಅವನು ಮೊದಲು. ನಾನು ಹಸಿವು ತಡೆಯೋನಲ್ಲ.

1990ರಲ್ಲಿ ದಿನಗೂಲಿ ನೌಕರರ ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. 1984ರ ಜುಲೈ 1ರ ಒಳಗೆ ಸೇರಿದವರಿಗೆ ತಿಂಗಳ ಸಂಬಳ, ಆಮೇಲೆ ಹಂತ ಹಂತವಾಗಿ ಖಾಯಂ ಅಂತಾಯಿತು. ತಿಂಗಳಿಗೆ 780 ರೂಪಾಯಿ. ನೀನು ನಗಬೇಡ, ಆಗ ಅದು ದುಡ್ಡು. ನನ್ನ ಹೆಸರು ಪಟ್ಟಿಯಲ್ಲಿತ್ತು. ಅವನ ಹೆಸರು ಇರಲಿಲ್ಲ.

ಜುಲೈ 1. ಅಷ್ಟೇ ವ್ಯತ್ಯಾಸ. ಯಾರೂ ಲಂಚ ತಿನ್ನಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಎಲ್ಲೋ ಒಂದು ತಾರೀಕು ಹಾಕಲೇಬೇಕಲ್ಲ, ಹಾಕಿದರು. ಅವನು ಆ ಕಡೆ ಉಳಿದ, ನಾನು ಈ ಕಡೆ ಬಂದೆ. ನಮ್ಮ ಮನೆ, ನಿನ್ನ ಕಾಲೇಜು ಫೀಸು, ಈಗ ಬರುವ ಪೆನ್ಷನ್, ಎಲ್ಲ ಆ ತಾರೀಕಿನ ಈ ಕಡೆಯದು. ಅವನು ಇನ್ನೂ ಕೆಲವು ವರ್ಷ ದಿನಗೂಲಿಯಲ್ಲೇ ತಳ್ಳಿದ. ಆಮೇಲೆ ಆಲೆಮನೆಯಲ್ಲಿ ಬೆಲ್ಲ ಕಾಯಿಸಿದ, ಲಾರಿಗೆ ಕಬ್ಬು ತುಂಬಿದ, ಕೊನೆಗೆ ಈ ಚಿಲ್ಲರೆ ಅಂಗಡಿ.

ಖಾಯಂ ಆದೇಶ ಕೈಗೆ ಬಂದ ವಾರ ಅಯ್ಯನವರು ಮನೆಗೇ ಬಂದು ಸಾಕ್ಷಿ ಹೇಳಪ್ಪ ಅಂದರು. ನಾನು ಹೇಳಲಿಲ್ಲ. ಏನಂತ ಹೇಳಲಿ? ದೇವರು ನನಗೆ ಕೆಲಸ ಕೊಟ್ಟರು ಅನ್ನೋದು ನಿಜ. ಅವನಿಗೆ ಕಾಮಾಲೆ ಯಾಕೆ ಕೊಟ್ಟರು ಅಂತ ಮೂರನೇ ಬೆಂಚಿನಿಂದ ಯಾರೂ ಕೇಳುತ್ತಿರಲಿಲ್ಲ. ನನಗೇ ಕೇಳಿಸುತ್ತಿತ್ತು. ಕವರಿನಲ್ಲಿ ಕಾಣಿಕೆ ಹಾಕಿ, ಹೆಸರು ಬರೆಯದೆ, ಸುಮ್ನೆ ಚೀಲಕ್ಕೆ ಹಾಕಿಬಂದೆ. ಅಂಥವನ ಮಗಳು ನೀನು ಎದ್ದು ನಿಂತೆಯಲ್ಲ, ನನಗೆ ಹೆಮ್ಮೆ ಆಗಿತ್ತು. ಇವತ್ತೂ ಇದೆ. ಕಂಪನಿಯವರು ಮೇಲ್ ಕಳಿಸಿ ಆಫರ್ ವಾಪಸ್ ತೆಗೆದುಕೊಂಡ ತಕ್ಷಣ ಅದು ಹೋಗಿಬಿಡುತ್ತದಾ?

ಶುಕ್ರವಾರ ಅವನ ಅಂಗಡಿಗೆ ಹೋಗಿದ್ದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಅಂತ ನಾನೇ ವಿಷಯ ಹೇಳಿದೆ. ಜಾಯಿನಿಂಗ್ ತಾರೀಕು ಮುಂದೆ ಹಾಕಿದ್ದು, ಮತ್ತೆ ಮುಂದೆ ಹಾಕಿದ್ದು, ಕೊನೆಗೆ ಎರಡು ಸಾಲಿನ ಮೇಲ್. ಅವನು ಬೇಳೆ ತೂಗುತ್ತಿದ್ದ. “ಹೌದಾ” ಅಂದ. ಗಿರಾಕಿ ಹೋಗುವವರೆಗೂ ಬೇರೇನೂ ಅನ್ನಲಿಲ್ಲ. ಆಮೇಲೆ, “ಆವತ್ತು ಸಿಕ್ಕಿತ್ತು ತಾನೆ? ಸಿಕ್ಕಿದ್ದಕ್ಕೆ ಕೂಸು ಸ್ತೋತ್ರ ಹೇಳ್ತು, ನಾನು ಆಮೆನ್ ಅಂದೆ. ಈಗ ಹೋಯ್ತು ಅಂತೀಯ, ಅದಕ್ಕೆ ಬೇರೆ ಪ್ರಾರ್ಥನೆ ಮಾಡೋಣ” ಅಂದ. ಅಷ್ಟೇ. ಸಕ್ಕರೆ ಕಮ್ಮಿ ಹಾಕಿ ಟೀ ಹೇಳಿದ, ನನ್ನ ಶುಗರ್ ಬಗ್ಗೆ ಕೇಳಿದ.

ನಾನು ಹೇಳಿದ ಅರ್ಧ ಉತ್ತರ ಇದೇ. ನೀನು ಹೇಳಿದ್ದು ಆವತ್ತಿನ ನಿಜ. ದೇವರ ಮುಂದಿನ ಲೆಕ್ಕವನ್ನೆಲ್ಲ ನೀನು ಓದಿ ಹೇಳುತ್ತೇನೆ ಅಂದಿರಲಿಲ್ಲ. ಕೈಗೆ ಬಂದಿದ್ದಕ್ಕೆ ಸ್ತೋತ್ರ ಹೇಳಿದೆ. ಅದು ಸುಳ್ಳು ಹೇಗಾಗುತ್ತದೆ?

ನಮ್ಮ ಸಭೆಯಲ್ಲೂ ಒಂದು ಕೊರತೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಬೇಡಿದೆ, ಸಿಕ್ಕಿತು ಅನ್ನುವ ಸಾಕ್ಷಿಗೆ ಮಾತ್ರ ಚಪ್ಪಾಳೆ. ಬೇಡಿದೆ, ಇನ್ನೂ ಸಿಕ್ಕಿಲ್ಲ ಅನ್ನುವವರು ಎದ್ದು ನಿಲ್ಲುವ ಹಾಗಿಲ್ಲ. ಬೈಬಲಿನಲ್ಲಿ ಹಾಗಿಲ್ಲ ಮಗಳೇ. 13ನೇ ಕೀರ್ತನೆ ಶುರುವಾಗುವುದೇ ಎಷ್ಟರವರೆಗೆ ಸ್ವಾಮೀ ಅಂತ. 88ನೇ ಕೀರ್ತನೆ ಓದಿದ್ದೀಯಾ? ಕೊನೆಯವರೆಗೂ ಬರೀ ಗೋಳು. ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗಾದರೂ ಒಂದು ಸಮಾಧಾನದ ಮಾತು ಸೇರಿಸೋಣ ಅಂತ ಬರೆದವನಿಗೂ ಅನ್ನಿಸಲಿಲ್ಲ. ಅದನ್ನೂ ಸಭೆ ಸಾವಿರಾರು ವರ್ಷದಿಂದ ಹಾಡುತ್ತಾ ಬಂದಿದೆ. ನಿನಗೆ ಈಗ ಪ್ರಾರ್ಥನೆ ಬರುತ್ತಿಲ್ಲ ಅಂದರೆ ಅದನ್ನು ಓದು. ಒಳ್ಳೆಯ ಮಾತು ಹುಡುಕಿಕೊಂಡು ಕಷ್ಟಪಡಬೇಡ.

ಇನ್ನು ನಿನ್ನ ಚೀಟಿ ವಿಷಯ. ನಿನ್ನ ಟೇಬಲ್ ಮೇಲೆ ಇನ್ನೂ ಅಂಟಿಸಿದೆ. ಅಮ್ಮ ತೆಗೆಯೋಣವಾ ಅಂದಳು, ನಾನು ಬೇಡ ಅಂದೆ. ಆದರೆ ಆ ಅಧ್ಯಾಯವನ್ನು ಮೊದಲಿಂದ ಓದು. ಅದೂ ಒಂದು ಕಾಗದವೇ. ಯೆರೂಸಲೇಮಿನಲ್ಲಿ ಕೂತು ಪ್ರವಾದಿ ಯೆರೆಮೀಯ ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ. ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ ಅಂತ ದೇವರು ಹೇಳುವುದು ಹನ್ನೊಂದನೇ ವಚನದಲ್ಲಿ. ಹತ್ತನೇ ವಚನದಲ್ಲಿ ಏನಿದೆ ಗೊತ್ತಾ? ಎಪ್ಪತ್ತು ವರ್ಷ ಆದ ಮೇಲೆ ಅಂತ ಇದೆ. ಹತ್ತನ್ನು ಬಿಟ್ಟು ಹನ್ನೊಂದನ್ನು ಮಾತ್ರ ಚೀಟಿಗೆ ಹಾಕುತ್ತಾರೆ. ಕ್ಯಾಲೆಂಡರಿಗೂ ಅದೇ.

ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ, ದೇವರೇ ಹೇಳಿದ್ದಾರೆ ಅಂತ ದೇವಾಲಯದಲ್ಲಿ ಜನರ ಮುಂದೆ ಸಾರುತ್ತಾನೆ. ಯೆರೆಮೀಯ ಅವನಿಗೆ ಮೊದಲು ಏನಂದ? ಆಮೆನ್, ಹಾಗೇ ಆಗಲಿ ಅಂದ. ನನಗೆ ಇದು ತುಂಬಾ ಇಷ್ಟ. ಅವನಿಗೂ ಎರಡು ವರ್ಷವೇ ಬೇಕಾಗಿತ್ತು, ಯಾರಿಗೆ ಬೇಡ? ಆದರೆ ಅದು ನಿಜವಾಗಿರಲಿಲ್ಲ. ಆ ವರ್ಷವೇ ಹನನ್ಯ ಸತ್ತ. ಆಮೇಲೆ ಬರುವುದೇ ಈ ಕಾಗದ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ನೀವಿರುವ ಊರಿಗಾಗಿ ಪ್ರಾರ್ಥನೆ ಮಾಡಿ ಅಂತ. ಅದು ಅವರಿಗೆ ಇಷ್ಟವಿದ್ದ ಊರಲ್ಲ. ಯಾರೂ ಅರ್ಜಿ ಹಾಕಿಕೊಂಡು ಬಾಬೆಲಿಗೆ ಹೋದವರಲ್ಲ.

ನಾಲೆ ಮೇಲೆ ಕೆಲಸ ಮಾಡಿದವನಿಗೆ ಕಾಯುವುದು ಹೊಸದಲ್ಲ. ಕನ್ನಂಬಾಡಿ ತುಂಬಿ 124.80 ಅಡಿ ಮುಟ್ಟಿದರೂ ಮದ್ದೂರು, ಮಳವಳ್ಳಿ ಕಡೆಯ ಕೊನೇ ಗದ್ದೆಗೆ ನೀರು ಹೋಗಲು ದಿನ ಹಿಡಿಯುತ್ತದೆ. ಸುಗ್ಗಿ ಹಬ್ಬದಲ್ಲಿ ಯಾರಾದರೂ ಒಬ್ಬರು ದೇವರ ಸಮಯವೂ ನಾಲೆ ನೀರಿನ ಹಾಗೆ ಅಂತ ಪ್ರಸಂಗ ಮಾಡಿಯೇ ಮಾಡುತ್ತಾರೆ. ನನಗೆ ಒಳಗೇ ನಗು. ನಾಲೆಗೆ ಪಟ್ಟಿ ಇತ್ತಮ್ಮ. ಯಾವ ತಾರೀಕಿಗೆ ಬಿಡುವುದು, ಯಾವ ತಾರೀಕಿಗೆ ನಿಲ್ಲಿಸುವುದು ಅಂತ ಮೇಲಿನಿಂದ ಬರೆದು ಬರುತ್ತಿತ್ತು. ರೈತರು ಬೈದರೆ ಜೇಬಿನಿಂದ ತೆಗೆದು ತೋರಿಸುತ್ತಿದ್ದೆ. ನಿನಗೆ ತೋರಿಸಲು ನನ್ನ ಜೇಬಿನಲ್ಲಿ ಏನೂ ಇಲ್ಲ. ಕಂಪನಿ ಯಾವಾಗ ಕರೆಯುತ್ತದೆ, ಯಾವ ಊರು, ಎಷ್ಟು ಸಂಬಳ, ನನಗೆ ಗೊತ್ತಿಲ್ಲ. ಅಯ್ಯನವರಿಗೂ ಗೊತ್ತಿಲ್ಲ. ಗೊತ್ತು ಅನ್ನುವವರ ಹತ್ತಿರ ಹುಷಾರಾಗಿರು ಅನ್ನೋಕೆ ಇಷ್ಟೆಲ್ಲ ಪೀಠಿಕೆ.

ಹೌದು, ಆ ವಾಟ್ಸಾಪ್ ಪ್ರಾರ್ಥನೆ ಗುಂಪಿನ ಸಿಸ್ಟರ್ ವಿಷಯ. ನಿನ್ನ ಬಗ್ಗೆ ದರ್ಶನ ಬಂದಿದೆ, ನೀರು ದಾಟಿ ಹೋಗುತ್ತೀಯ, ವಿದೇಶದಲ್ಲಿ ಕೆಲಸ ಅಂತ ಹೇಳಿದರು ಅಂದೆ. ಅವರ ಪರಿಚಯದ ಯಾರೋ ಏಜೆಂಟು ಅಂತಲೂ ಅಂದೆ. ಅಲ್ಲಿಂದ ನನಗೆ ನಿದ್ದೆ ಇಲ್ಲ. ಆ ಸಿಸ್ಟರ್ ಕೆಟ್ಟವರು ಅನ್ನುತ್ತಿಲ್ಲ. ಅವರು ನಿಜವಾಗಿಯೂ ನಿನಗಾಗಿ ಪ್ರಾರ್ಥನೆ ಮಾಡುತ್ತಿರಬಹುದು. ಆದರೆ ದೇವರು ನಿನ್ನ ಹತ್ತಿರ ಮಾತಾಡಬೇಕಾದರೆ ನಿನಗೂ ಒಂದು ಕಿವಿ ಕೊಟ್ಟಿದ್ದಾರೆ. ಮಧ್ಯದಲ್ಲಿ ಒಬ್ಬರು ನಿಂತು, ಅದರ ಹಿಂದೆ ಇನ್ನೊಬ್ಬ ರಸೀದಿ ಪುಸ್ತಕ ಹಿಡಿದು ನಿಂತರೆ ಅಲ್ಲಿ ನಿಲ್ಲಬೇಡ.

ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ರಿಜಿಸ್ಟ್ರೇಷನ್ನು, ಡೆಪಾಸಿಟ್ಟು, ಟ್ರೇನಿಂಗ್ ಫೀಸು, ಲ್ಯಾಪ್‌ಟಾಪಿಗೆ ಅಡ್ವಾನ್ಸು, ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡ. ಹೊರದೇಶಕ್ಕೆ ಕಳಿಸುವ ಏಜೆಂಟಿಗೆ ಸರ್ಕಾರದ ಲೈಸೆನ್ಸ್ ಇರಬೇಕು. ಇ-ಮೈಗ್ರೇಟ್ ಅನ್ನುವ ಕೇಂದ್ರ ಸರ್ಕಾರದ ತಾಣದಲ್ಲಿ ಅವರ ಹೆಸರು ಇದೆಯಾ ಅಂತ ನೀನೇ ನೋಡಬಹುದು. ಅವರು ತೆಗೆದುಕೊಳ್ಳುವ ಶುಲ್ಕಕ್ಕೂ ಮಿತಿ ಇದೆ, 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷ ಲಕ್ಷ ಕೇಳಿದರೆ ಅಲ್ಲಿಗೇ ಕೈ ಮುಗಿದು ಎದ್ದು ಬಾ. ಡೇಟಾ ಎಂಟ್ರಿ ಕೆಲಸ ಅಂತ ಥಾಯ್ಲೆಂಡಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಮ್ಯಾನ್ಮಾರಿಗೆ ದಾಟಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ಮೋಸದ ಕೆಲಸ ಮಾಡಿಸಿದ್ದು ಟಿವಿಯಲ್ಲಿ ಬಂತಲ್ಲ. ಓದಿದ ಮಕ್ಕಳೇ ಅವರೆಲ್ಲ. ಒಂದು ವೇಳೆ ಈಗಾಗಲೇ ಏನಾದರೂ ದುಡ್ಡು ಹಾಕಿದ್ದರೆ ನನಗೆ ಹೇಳುವುದಕ್ಕೆ ಮುಂಚೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯಲು ಅವಕಾಶ ಜಾಸ್ತಿ. ಆಮೇಲೆ ನನಗೆ ಹೇಳು. ಬೈಯುವುದಿಲ್ಲ. ಸ್ವಲ್ಪ ಬೈಯಬಹುದು.

ನಿನ್ನ ಫೋನ್ ಸ್ವಿಚ್ ಆಫ್ ಇದ್ದ ರಾತ್ರಿ ನನ್ನ ತಲೆಯಲ್ಲಿ ಏನೇನು ಓಡಿತು ಅಂತ ಬರೆಯುವುದಿಲ್ಲ. ಚಾರ್ಜ್ ಹೋಗಿತ್ತು ಅಂದೆ, ನಂಬಿದ್ದೇನೆ. ಆದರೆ ಪಿಜಿಯಲ್ಲಿ ನಿನ್ನ ಜೊತೆ ಇರುವ ಹುಡುಗಿಯ ನಂಬರ್ ಅಮ್ಮನಿಗೆ ಕಳಿಸು. ರಾತ್ರಿ ಮಲಗುವ ಮುಂಚೆ ಅಮ್ಮನಿಗೆ ಒಂದು ಮೆಸೇಜ್ ಹಾಕು. ಏನೂ ಬರೆಯಬೇಕಾಗಿಲ್ಲ, ಒಂದು ಚುಕ್ಕಿ ಹಾಕಿದರೂ ಸಾಕು. ಕೆಲಸ ಇಲ್ಲದ ದಿನಗಳು ಕೆಟ್ಟವು ಅಂತ ನನಗೆ ಗೊತ್ತು. ಕೆಲಸ ಹೋದರೆ ನಾವು ನಮ್ಮನ್ನೇ ಯಾವುದಕ್ಕೂ ಬಾರದವರು ಅಂದುಕೊಳ್ಳುತ್ತೇವೆ. ಊಟ ಬಿಡಬೇಡ. ಉಪವಾಸ ಪ್ರಾರ್ಥನೆ ಅಂತ ಸುಳ್ಳು ಹೇಳಿ ಊಟ ಬಿಡಬೇಡ, ನಿನ್ನನ್ನು ನನಗೆ ಗೊತ್ತು.

ಇನ್ನೊಂದು. ಶುಕ್ರವಾರದೊಳಗೆ ಕರೆ ಬಂದರೆ ಇದು ದೇವರ ಚಿತ್ತ, ಬರದಿದ್ದರೆ ಅಲ್ಲ ಅಂತ ನೀನು ದೇವರಿಗೆ ಗಡುವು ಹಾಕುತ್ತೀಯಂತೆ. ಅಮ್ಮ ಹೇಳಿದಳು. ಗಿದ್ಯೋನ ಉಣ್ಣೆ ಇಟ್ಟ ಹಾಗೆ ಅಂತ ನೀನು ಅಂದೆಯಂತೆ. ಗಿದ್ಯೋನನ ಕಥೆ ಮತ್ತೆ ಓದು. ಅವನಿಗೆ ಹೋಗು ಅಂತ ದೇವರು ಮೊದಲೇ ಹೇಳಿ ಆಗಿತ್ತು. ಹೆದರಿಕೆಗೆ, ಇಬ್ಬನಿ ಉಣ್ಣೆಯ ಮೇಲೆ ಮಾತ್ರ ಬಿದ್ದರೆ ಅದೇ ಗುರುತು ಅಂತ ರಾತ್ರಿ ಕಣದಲ್ಲಿ ಉಣ್ಣೆ ಇಟ್ಟ. ಒಂದು ಸಲ ಇಟ್ಟು ಸಾಲದೆ ಮಾರನೇ ರಾತ್ರಿ ಉಲ್ಟಾ ಮಾಡಿ ಇಟ್ಟ. ದೇವರು ಬೈಯಲಿಲ್ಲ, ಅದು ಅವರ ದೊಡ್ಡತನ. ಅದನ್ನು ನೋಡಿ ಎಲ್ಲರೂ ಉಣ್ಣೆ ಇಡಬೇಕು ಅಂತ ಎಲ್ಲೂ ಹೇಳಿಲ್ಲ. ಎಚ್‌ಆರ್‌ನವರು ಶುಕ್ರವಾರ ರಜೆ ಹಾಕಿದರೆ ಅದು ದೇವರ ಚಿತ್ತಕ್ಕೆ ಗುರುತಾಗುತ್ತದಾ?

ಊರೂರಿಗೆ ಹೋಗಿ ಸುವಾರ್ತೆ ಸಾರಿದ ಪೌಲನನ್ನು ನೋಡು. ಅಪೊಸ್ತಲರ ಕೃತ್ಯಗಳು ಹದಿನಾರು. ಏಷ್ಯಾ ಸೀಮೆಗೆ ಹೋಗೋಣ ಅಂದರೆ ಬೇಡ ಅಂತಾಯಿತು. ಬಿಥೂನ್ಯಕ್ಕೆ ಹೊರಟರೆ ಅದೂ ಬೇಡ. ಅಂಥಾ ಪೌಲನಿಗೇ ಎರಡು ಸಲ ಬಾಗಿಲು ಮುಚ್ಚಿತು. ಕನಸು ಬಿದ್ದಿದ್ದು ಆಮೇಲೆ, ಸಮುದ್ರದ ತಡಿಗೆ ಬಂದ ಮೇಲೆ. ಸರಿ, ದೇವರೇ ಕರೆದ ಕಡೆ ಹೋದರಲ್ಲ, ಅಲ್ಲಿ ಏನಾಯಿತು? ಫಿಲಿಪ್ಪಿಯಲ್ಲಿ ಹೊಡೆದು ಜೈಲಿಗೆ ಹಾಕಿದರು. ಹಾಗಾದರೆ ತಪ್ಪು ದಾರಿ ಅಂತಲಾ? ಸುಲಭವಾದರೆ ದೇವರ ದಾರಿ, ಕಷ್ಟವಾದರೆ ಅಲ್ಲ ಅನ್ನುವ ಲೆಕ್ಕ ನನಗೆ ಬೈಬಲಿನಲ್ಲಿ ಸಿಕ್ಕಿಲ್ಲ. ಯೋಸೇಫನ ಕಥೆ ನಾನು ಹೇಳುವುದಿಲ್ಲ. ಸಂಡೇ ಸ್ಕೂಲಿನಲ್ಲಿ ನೀನೇ ಬಣ್ಣದ ಅಂಗಿ ಹಾಕಿಕೊಂಡು ಯೋಸೇಫನ ಪಾತ್ರ ಮಾಡಿದವಳು. ಜೈಲಿನಲ್ಲಿ ಜೊತೆಗಿದ್ದ ಅರಸನ ಪಾನದಾಯಕ ಬಿಡುಗಡೆಯಾಗಿ ಅವನನ್ನು ಮರೆತ ಮೇಲೆ ಜೈಲಿನಲ್ಲಿ ಪೂರ್ತಿ ಎರಡು ವರ್ಷ ಕಳೆಯಿತು ಅನ್ನುವುದನ್ನು ಮಾತ್ರ ನಾಟಕದಲ್ಲಿ ಅರ್ಧ ನಿಮಿಷಕ್ಕೆ ಮುಗಿಸಿದ್ದಿರಿ.

ಉಪದೇಶ ಜಾಸ್ತಿ ಆಯಿತು. ಅಮ್ಮ ಈಗ ಬಂದು ಹಿಂದಿನಿಂದ ಓದಿದಳು. “ಕಾಗದ ಬರೀತಿದ್ದೀರೋ ಪ್ರಸಂಗ ಬರೀತಿದ್ದೀರೋ” ಅಂದಳು. ಅವಳಿಗೇನು, ಬರೆಯುವವನಿಗೆ ಕಷ್ಟ.

ನಿನ್ನ ಅಜ್ಜಿಯ ವಿಷಯ ಹೇಳಿಬಿಡುತ್ತೇನೆ, ಚಿಕ್ಕದು. ಮೈಸೂರಿನ ಮಿಷನ್ ಆಸ್ಪತ್ರೆ ಇದೆಯಲ್ಲ, 1906ರಿಂದ ನಡೆಯುತ್ತಿರುವುದು, ಅಲ್ಲಿ ಅಜ್ಜಿ ಆಯಾ ಕೆಲಸಕ್ಕೆ ಸೇರಿದ್ದು ಹೇಗೆ ಅಂತ ಒಂದು ಸಲ ಕೇಳಿದ್ದೆ. ದೇವರು ದಾರಿ ತೋರಿಸಿದರಾ ಅವ್ವ, ಏನಾದರೂ ಗುರುತು ಕೊಟ್ಟರಾ ಅಂದೆ. ಆಗ ನನಗೂ ನಿನ್ನ ವಯಸ್ಸು, ಗುರುತಿನ ಹುಚ್ಚು. “ದೇವರೇನೂ ಅನ್ನಲಿಲ್ಲ ಕಣಪ್ಪ, ಮೇಟ್ರನ್ ಅಮ್ಮಾವ್ರು ನಾಳೆ ಬಾ ಅಂದ್ರು, ಹೋದೆ” ಅಂದಳು. ಅದೇ ಅಜ್ಜಿ ದಿನಾ ಬೆಳಗ್ಗೆ ಒಲೆ ಹಚ್ಚುವ ಮುಂಚೆ ಮೊಣಕಾಲೂರುತ್ತಿದ್ದಳು. ಅವಳಿಗೆ ಎರಡರ ನಡುವೆ ಜಗಳವೇ ಇರಲಿಲ್ಲ.

ಹಾಗಾಗಿ ಈಗ ನಾಳೆ ಬಾ ಅನ್ನುವವರು ಯಾರಿದ್ದಾರೆ ನೋಡು. ಈ ಆಫರ್ ಬಂತು ಅಂತ ಮೈಸೂರಿನ ಹೆಬ್ಬಾಳದ ಆ ಸಣ್ಣ ಕಂಪನಿಯವರಿಗೆ ಬೇಡ ಅಂದೆಯಲ್ಲ, ಅವರಿಗೆ ಮತ್ತೆ ಬರೆ. ಸಂಬಳ ಕಮ್ಮಿ ಅಂತ ಗೊತ್ತು. ನಿನ್ನ ಓದಿಗೆ ಅದು ಚಿಕ್ಕದು ಅಂತಲೂ ಗೊತ್ತು. ಬೇಡ ಅಂದವರನ್ನೇ ಹೋಗಿ ಕೇಳುವುದು ಅವಮಾನ ಅನ್ನುತ್ತೀಯ. ನೀನು ಮರ್ಯಾದೆಯಾಗಿ ಬೇಡ ಅಂದಿದ್ದೆ, ಮರ್ಯಾದೆಯಾಗಿ ಕೇಳು. ಆದದ್ದನ್ನು ಆದ ಹಾಗೆ ಬರೆ, ಆಫರ್ ವಾಪಸ್ ಪಡೆದರು, ಈಗ ಜಾಗ ಇದ್ದರೆ ಬರುತ್ತೇನೆ ಅಂತ. ಅವರು ಇಲ್ಲ ಅಂದರೆ ಇಲ್ಲ. ಲಿಂಕ್ಡ್‌ಇನ್, ನೌಕ್ರಿ ಎಲ್ಲ ನೋಡುತ್ತಾ ಇರು. ದೊಡ್ಡ ಕಂಪನಿಯ ಮೇಲ್‌ಗಳನ್ನು ಮಾತ್ರ ಅಳಿಸಬೇಡ. ಆಫರ್ ಲೆಟರು, ತಾರೀಕು ಮುಂದೆ ಹಾಕಿದ್ದು, ಕೊನೆಯದು, ಎಲ್ಲ ಒಂದು ಕಡೆ ಇಡು. ಮುಂದಿನ ಇಂಟರ್‌ವ್ಯೂನಲ್ಲಿ ಇಷ್ಟು ದಿನ ಏನು ಮಾಡುತ್ತಿದ್ದೆ ಅಂತ ಕೇಳಿದರೆ ಕಥೆ ಕಟ್ಟಬೇಕಾಗಿಲ್ಲ.

ಸರ್ಕಾರಿ ಪರೀಕ್ಷೆ ಬರೆ ಅಂದರೆ ಮೂಗು ಮುರಿಯುತ್ತೀಯ. ಬರೆಯದಿದ್ದರೂ ಪರವಾಗಿಲ್ಲ, ಕಾಗದಪತ್ರ ಸರಿ ಇರಲಿ. ಮೀಸಲಾತಿಯಲ್ಲಿ ನಮ್ಮದು ಹಿಂದುಳಿದ ವರ್ಗದ 3ಬಿ. ನಿನ್ನ ಜಾತಿ-ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ, ಕಾಲೇಜಿಗೆ ಅಂತ ಮಾಡಿಸಿದ್ದು ಈಗ ನಡೆಯುವುದಿಲ್ಲ. ನಿನ್ನ ಆಧಾರ್ ಪ್ರತಿ ಕಳಿಸಿದರೆ ನಾಡಕಚೇರಿಗೆ ನಾನೇ ಹೋಗಿ ಬರುತ್ತೇನೆ. ನನಗೂ ಹೊತ್ತು ಹೋಗಬೇಕಲ್ಲ.

ಸುಗ್ಗಿ ಹಬ್ಬದ ವಿಷಯ ನಿನಗೇ ಬಿಟ್ಟಿದ್ದೇನೆ. ಈ ಸಲ ಮಾವ ಹರಾಜಿಗೆ ಕಬ್ಬಿನ ಜಲ್ಲೆ ತರುತ್ತಾನಂತೆ, ಅಮ್ಮ ಹಲಸಿನ ಹಪ್ಪಳ ಮಾಡಿದ್ದಾಳೆ. ಚರ್ಚಿಗೆ ಬರಲು ಮನಸ್ಸಿಲ್ಲ ಅಂದರೆ ಬರಬೇಡ, ಯಾರಾದರೂ ಕೇಳಿದರೆ ನಾನು ಉತ್ತರ ಹೇಳುತ್ತೇನೆ. ಮನೆಗೆ ಬಾ. ಎಲ್ಲರೂ ಚರ್ಚಿಗೆ ಹೋದ ಮೇಲೆ ಹಾಯಾಗಿ ಮಲಗಿರು. ಬಂದು ನಿನ್ನ ಜೊತೆ ಊಟ ಮಾಡುತ್ತೇವೆ. ನೀನು ಬರುವುದಾದರೆ ನನ್ನ ಪಕ್ಕ ಕೂರು. ಎದ್ದು ನಿಂತು ಏನೂ ಹೇಳಬೇಕಾಗಿಲ್ಲ. ಕಾಣಿಕೆ ವಾಪಸ್ ಕೊಡುವುದಿಲ್ಲವಂತೆ, ಖಜಾಂಚಿಯನ್ನು ಕೇಳಿದೆ. ಇದು ನನ್ನ ತಮಾಷೆ.

ಪಿಜಿ ಬಾಡಿಗೆ ನಿನ್ನ ಅಕೌಂಟಿಗೆ ಹಾಕಿದ್ದೇನೆ. ಹೋದ ಸಲದ ಹಾಗೆ ವಾಪಸ್ ಹಾಕಬೇಡ. ಬ್ಯಾಂಕಿನ ಹುಡುಗ ನನ್ನನ್ನು ನೋಡಿ ನಗುತ್ತಾನೆ.

ಮೈಸೂರಿನವರಿಗೆ ಮೇಲ್ ಹಾಕಿದ ಮೇಲೆ ಅಮ್ಮನಿಗೆ ಹೇಳು. ನನಗೆ ಹೇಳಲೇಬೇಕು ಅಂತಿಲ್ಲ. ಅವಳೇ ಹೇಳುತ್ತಾಳೆ.

ಇಂತಿ,
ನಿನ್ನ ಅಪ್ಪ